ತೊಟ್ಟಿಲು ಗುಂಡಿಗಳ ಕೆಳಗಿನ ಗೋಡೆ

ಗುಡ್ಡಗಳು ಜಾರಿದ ಆ ಮಳೆಗಾಲದ ನಂತರ ನಮ್ಮ ಕಡೆಯ ಜನ ಜೂನ್ ಬಂತೆಂದರೆ ಮೊದಲು ಆಕಾಶ ನೋಡುವುದಿಲ್ಲ. ಮನೆಯ ಹಿಂದಿನ ದಿಣ್ಣೆ ನೋಡುತ್ತಾರೆ. ನಮ್ಮೂರು ಸೋಮವಾರಪೇಟೆಯ ಆಚೆ. ಬಸ್ಸು ನಿಲ್ಲುವ ಜಾಗದಿಂದ ರಸ್ತೆ ಕೆಳಕ್ಕಿಳಿದು ತೋಡಿನ, ಎಂದರೆ ಹಳ್ಳದ, ಪಕ್ಕ ಹೋಗುತ್ತದೆ. ಅಲ್ಲಿ ಒಂದಷ್ಟು ಮನೆಗಳಿವೆ. ನಾವು ಅವನ್ನು ಕೆಳಗಿನ ಮನೆಗಳು ಎನ್ನುತ್ತೇವೆ. ಮಳೆ ಜೋರಾದಾಗ ಆ ಮನೆಯವರನ್ನೆಲ್ಲ ಎಬ್ಬಿಸಿ ಪಕ್ಕದೂರಿನ ಶಾಲೆಗೆ ಸಾಗಿಸಬೇಕು. ಶಾಲೆಯಲ್ಲಿ ಬೆಂಚುಗಳನ್ನು ಜೋಡಿಸಿಕೊಂಡು ಮಲಗುತ್ತಾರೆ. ಎಲ್ಲರಿಗೂ ಸೇರಿ ಒಂದೇ ಕಕ್ಕಸು. ಹಸುಗಳನ್ನು ಕೊಟ್ಟಿಗೆಯಲ್ಲೇ ಬಿಟ್ಟು ಬಂದಿರುವುದರಿಂದ ಹೆಂಗಸರ ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ಮಳೆ ಸ್ವಲ್ಪ ಬಿಟ್ಟರೆ ಸಾಕು, ಯಾರಿಗೂ ಹೇಳದೆ ವಾಪಸ್ ನಡೆದು ಬಿಡುತ್ತಾರೆ.

ಸಮುದಾಯ ಭವನ ಬೇಕು ಎಂಬ ಯೋಚನೆ ಹುಟ್ಟಿದ್ದು ಇದರಿಂದ. ಬೇಸಿಗೆಯಲ್ಲಿ ಮದುವೆ, ನಾಮಕರಣಕ್ಕೆ ಆಗುತ್ತದೆ. ಮಳೆಗಾಲದಲ್ಲಿ ಕೆಳಗಿನ ಮನೆಯವರು ಬಂದು ಮಲಗಲು ಊರೊಳಗೇ ಗಟ್ಟಿ ಜಾಗವಾಗುತ್ತದೆ. ಹಗಲು ಇಳಿದುಹೋಗಿ ಹುಲ್ಲು ಹಾಕಿ, ಹಾಲು ಕರೆದು ಬರಬಹುದು. ಸಮಿತಿಯಾಯಿತು. ಹಿಂದೆ ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದ, ಯಾರನ್ನಾದರೂ ನಗಿಸಿ ಸಮಾಧಾನ ಮಾಡಬಲ್ಲ ಹಿರಿಯರೊಬ್ಬರು ಅಧ್ಯಕ್ಷರಾದರು. ನಾನು ಕಾರ್ಯದರ್ಶಿಯಾದೆ.

ಕಟ್ಟಿದವನು ನನ್ನ ತಮ್ಮ. ಹೊರ ಜಿಲ್ಲೆಗಳಲ್ಲಿ ಸರ್ಕಾರಿ ಇಂಜಿನಿಯರಾಗಿ ದುಡಿದು, ನಿವೃತ್ತನಾಗಿ ತೋಟಕ್ಕೆ ಬಂದು ಕೂತವನು. ರಸ್ತೆ ಬದಿಯ ಜಾಗ ಕೊಟ್ಟದ್ದೂ ಅವನೇ, ನಕ್ಷೆ ಬರೆದದ್ದೂ ಅವನೇ, ಬಿಸಿಲಲ್ಲಿ ಟೋಪಿ ಹಾಕಿಕೊಂಡು ಜೆಸಿಬಿ ಪಕ್ಕ ನಿಂತದ್ದೂ ಅವನೇ. ಒಂದು ಬೀಡಿಯ ಹಣ ಯಾರಿಂದಲೂ ಪಡೆದವನಲ್ಲ. ನಮ್ಮಲ್ಲಿ ಸಮತಟ್ಟಾದ ಜಾಗ ಸಿಗುವುದು ಎಲ್ಲಿ? ದಿಣ್ಣೆಯನ್ನು ಹಿಂದಕ್ಕೆ ಕಡಿದು ಮಟ್ಟ ಮಾಡಬೇಕು. ಕಡಿದ ಮಣ್ಣು ಮುಂದಕ್ಕೆ ತಳ್ಳಿದರೆ ವಾಹನ ನಿಲ್ಲಿಸಲು ಅಂಗಳವಾಯಿತು. ಕಡಿದ ದಿಣ್ಣೆ ಕುಸಿಯದಂತೆ ಭವನದ ಹಿಂದೆ ಎತ್ತರದ ತಡೆಗೋಡೆ ಎದ್ದಿತು. ಗೋಡೆಯ ಮೇಲುಗಡೆಯಿಂದ ತಮ್ಮನ ಕಾಫಿ ತೋಟ ಶುರು.

ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಥಿಯೇಟರ್ ಸಿಸ್ಟರ್ ಆಗಿದ್ದವಳು. ಊರಿಗೆಲ್ಲ ಈಗಲೂ ಸಿಸ್ಟರಕ್ಕ. ಥಿಯೇಟರಿನಲ್ಲಿ ಒಂದು ಕಟ್ಟುಪಾಡಿದೆ. ಹೊಟ್ಟೆ ತೆರೆದರೆ, ಹೊಲಿಗೆ ಹಾಕುವ ಮುನ್ನ, ಒಳಗೆ ಹೋದ ಬಟ್ಟೆಯ ತುಂಡುಗಳೆಲ್ಲ ಹೊರಗೆ ಬಂದವೇ ಎಂದು ಎಣಿಸಬೇಕು. ಎಣಿಸುವುದು ಡಾಕ್ಟರಲ್ಲ. ಅವರ ಕಣ್ಣು ರೋಗಿಯ ಮೇಲಿರುತ್ತದೆ, ಮನಸ್ಸು ಮುಗಿಸುವ ಕಡೆಗಿರುತ್ತದೆ. ಇಬ್ಬರು ಸಿಸ್ಟರುಗಳು ಗಟ್ಟಿಯಾಗಿ ಎಣಿಸಿ, ಸರಿ ಇದೆ ಎಂದಮೇಲೆಯೇ ಸೂಜಿ ಕೈಗೆ. ಎಷ್ಟು ದೊಡ್ಡ ಡಾಕ್ಟರಾದರೂ ಕೈ ಮೇಲೆತ್ತಿಕೊಂಡು ಕಾಯಬೇಕು. ಯಾರೂ ಇದನ್ನು ಅವಮಾನ ಎಂದುಕೊಂಡದ್ದು ನಾನು ನೋಡಿಲ್ಲ. ಹಲ್ಲುಜ್ಜಿದಷ್ಟು ಸಹಜವಾಗಿತ್ತು. ಹಾಗಾಗಿ ಸಮಿತಿಯ ಮೊದಲ ಸಭೆಯಲ್ಲೇ, ಕೆಲಸ ಮುಗಿದ ಮೇಲೆ ಕಟ್ಟಿದವರಲ್ಲದ ಒಬ್ಬರು ಬಂದು ನೋಡಿ ಸರಿ ಇದೆ ಎನ್ನಬೇಕು, ಆಮೇಲೆಯೇ ಜನರನ್ನು ಒಳಗೆ ಮಲಗಿಸಬೇಕು ಎಂದು ನಾನು ಹೇಳಿದಾಗ ಎಲ್ಲರೂ ಹೂಂ ಎಂದರು. ತಮ್ಮನೂ ಹೂಂ ಎಂದ. ಹೂಂ ಎಂದವರಲ್ಲಿ ಯಾರೂ ಅದನ್ನು ನಿಜವಾಗಿ ಮಾಡಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ಹೂಮಳೆ ಬಿದ್ದು ಕಾಫಿ ಹೂವು ಬಾಡುವ ಹೊತ್ತಿಗೆ ಭವನ ಸುಣ್ಣಬಣ್ಣ ಕಂಡಿತು. ನಾನು ನೆನಪಿಸಿದೆ. ತಮ್ಮ ನಗುತ್ತಲೇ, "ಆಯ್ತಕ್ಕ, ಕರೆಸ್ತೀನಿ" ಎಂದು ತನ್ನ ಜೊತೆ ಕೆಲಸ ಮಾಡಿದ ಗೆಳೆಯನೊಬ್ಬನನ್ನು ಕರೆಸಿದ. ಅವರೂ ಇಂಜಿನಿಯರೇ, ಒಳ್ಳೆಯ ಹೆಸರಿದ್ದವರೇ. ಬೆಳಿಗ್ಗೆ ಕಾರಿನಲ್ಲಿ ಬಂದರು. ಮನೆಗೆ ಬಂದವರನ್ನು ನೇರ ಕೆಲಸಕ್ಕೆ ಕರೆದೊಯ್ಯುವುದು ನಮ್ಮ ಕಡೆ ಉಂಟೆ? ಕಾಫಿಯಾಯಿತು. ತೋಟ ಸುತ್ತಾಡಿದ್ದಾಯಿತು. ಮಧ್ಯಾಹ್ನ ಕಡುಬು, ನಾಟಿಕೋಳಿ ಸಾರು. ಬಡಿಸಿದವಳು ನಾನೇ. ಅವರು ಎರಡನೇ ಸಲ ಸಾರು ಹಾಕಿಸಿಕೊಂಡು ಹಳೆಯ ಕಥೆ ಹೇಳುತ್ತಿದ್ದರು. ನನಗೆ ಕೈಯಲ್ಲಿ ಸೌಟು ಹಿಡಿದಿದ್ದಾಗಲೇ ಒಳಗೆ ಕಸಿವಿಸಿ ಶುರುವಾಯಿತು. ಇವರು ಇನ್ನು ಏನು ನೋಡಿದರೂ ಚೆನ್ನಾಗಿದೆ ಎಂದೇ ಹೇಳಬೇಕು. ಬೇರೆ ಮಾತು ಬಾಯಿಗೆ ಹೇಗೆ ಬಂದೀತು?

ಬಿಸಿಲು ಇಳಿದ ಮೇಲೆ ಭವನಕ್ಕೆ ಹೋದೆವು. ಅವರು ಕಂಬವನ್ನು ಅಂಗೈಯಿಂದ ತಟ್ಟಿದರು. ಹಿಂದೆ ಹೋಗಿ ತಡೆಗೋಡೆಯನ್ನು ಕೆಳಗಿಂದ ಮೇಲಕ್ಕೆ ನೋಡಿದರು.

"ಏನಯ್ಯಾ, ಭವನ ಕಟ್ಟಿದ್ದೀಯೋ ಕೋಟೆ ಕಟ್ಟಿದ್ದೀಯೋ? ಆನೆ ಬಂದು ಒರಗಿದರೂ ಅಲುಗಲ್ಲ ಇದು."

"ಈ ಕಡೆ ಆನೆ ಬರಲ್ಲ ಬಿಡು," ಎಂದ ತಮ್ಮ. "ಬಂದರೂ ಅಕ್ಕನ್ನ ನೋಡಿ ಸಾರಿ ಕೇಳಿ ವಾಪಸ್ ಹೋಗುತ್ತೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಸರಿ ಇದೆ ಎಂದು ಬರೆದುಕೊಟ್ಟು ಅವರು ಹೊರಟರು. ಅಧ್ಯಕ್ಷರು ಅಲ್ಲೇ ನಿಂತು ಉದ್ಘಾಟನೆಗೆ ಯಾರನ್ನು ಕರೆಯುವುದು ಎಂದು ಮಾತಾಡತೊಡಗಿದರು.

ಆ ಸಂಜೆ ನಾನು ತಮ್ಮನಿಗೆ ಹೇಳಿದೆ, "ಇದು ನೋಡಿದ ಹಾಗೆ ಆಗಲಿಲ್ಲ ಕಣೋ. ನಮ್ಮ ಯಾರ ಗುರುತೂ ಇಲ್ಲದವರು ಬರಬೇಕು."

ಅವನು ತಟ್ಟನೆ ಗಂಭೀರನಾದ. "ಅಕ್ಕ, ಅದು ಹೊಟ್ಟೆ, ಇದು ಗೋಡೆ. ನಾನೇನು ಒಳಗೆ ಹತ್ತಿ ಬಿಟ್ಟು ಹೊಲಿದಿದ್ದೀನಾ?"

"ಬಿಟ್ಟಿದ್ದೀಯ ಅಂತ ನಾನು ಅಂದಿಲ್ಲ. ಎಣಿಸಿಲ್ಲ ಅಂತ ಅಂದೆ."

"ನನ್ನ ಇಡೀ ಸರ್ವೀಸಿನಲ್ಲಿ ನನ್ನ ಕೆಲಸ ನೋಡಿ ಬೆರಳು ತೋರಿಸಿದವರಿಲ್ಲ. ಈಗ ನನ್ನ ಊರಲ್ಲಿ, ನಮ್ಮಪ್ಪನ ಜಾಗದಲ್ಲಿ, ನನ್ನ ಅಕ್ಕನೇ..." ಅಲ್ಲಿಗೆ ನಿಲ್ಲಿಸಿ ಟಾರ್ಚು ತೆಗೆದುಕೊಂಡು ತನ್ನ ಮನೆಗೆ ಹೋದ. ನಮ್ಮಿಬ್ಬರ ಮನೆಗಳ ನಡುವೆ ಒಂದು ಕಿತ್ತಳೆ ಸಾಲು ಮಾತ್ರ ಇದೆ. ಅವನಿಗೆ ಅಕ್ಷರ ಕಲಿಸಿದವಳು ನಾನು. ಅವನ ಬೆನ್ನು ನೋಡುತ್ತ ನಿಂತಿದ್ದಾಗ, ಇಲ್ಲಿಗೇ ಬಿಟ್ಟುಬಿಡಲೇ ಎಂದು ನಿಜವಾಗಿ ಯೋಚಿಸಿದೆ. ಆದರೆ ಗೋಡೆಯ ಬುಡದಲ್ಲಿ ಮಲಗುವವರು ನಾನೂ ಅಲ್ಲ, ಅವನೂ ಅಲ್ಲ. ಕೆಳಗಿನ ಮನೆಯವರು, ತಮ್ಮ ಮನೆಗಿಂತ ಇದು ಗಟ್ಟಿ ಎಂದು ನಮ್ಮ ಮಾತು ನಂಬಿ ಬಂದವರು.

ಮರುದಿನ ನನ್ನ ಹಳೆಯ ಆಸ್ಪತ್ರೆಗೆ ಫೋನು ಮಾಡಿ, ನಿಮ್ಮ ಹೊಸ ಕಟ್ಟಡವನ್ನು ಹೊರಗಿನಿಂದ ಬಂದು ನೋಡಿದವರು ಯಾರು ಎಂದು ವಿಚಾರಿಸಿದೆ. ಅವರ ನಂಬರು ಸಿಕ್ಕಿತು. ಮಣ್ಣು ಮತ್ತು ತಡೆಗೋಡೆಗಳ ವಿಷಯ ಕಲಿಸುವ ಮೇಡಂ. ಬಯಲುಸೀಮೆಯವರು. ನಮ್ಮ ಜಿಲ್ಲೆಗೆ ಬಂದದ್ದು ಒಂದೆರಡು ಸಲವಂತೆ, ಅದೂ ಪ್ರವಾಸಕ್ಕೆ.

ಬಸ್ಸಿನಲ್ಲಿ ಬಂದಿಳಿದರು. ಹೆಗಲಿಗೊಂದು ಚೀಲ, ಅದರಲ್ಲಿ ಅವರದೇ ಬುತ್ತಿ. ಅಧ್ಯಕ್ಷರು ಎದುರು ಹೋಗಿ ಮನೆಗೆ ಕರೆದರು. ಅವರು ಕೈ ಮುಗಿದು ಬೇಡವೆಂದರು.

"ಅದೇನ್ ಮೇಡಂ, ಕಾಫಿ ಬೆಳೆಯೋ ಊರಿಗೆ ಬಂದು ಒಂದ್ ಲೋಟ ಕಾಫಿ ಕುಡೀದಿದ್ರೆ ನಮ್ಮ ಮಾನ ಉಳೀತದಾ?"

"ಕೆಲಸ ಮುಗಿಸಿ ಕುಡೀತೀನಿ ಸರ್. ಮೊದಲೇ ಕುಡಿದ್ರೆ ಎಲ್ಲ ಚೆನ್ನಾಗಿದೆ ಅಂತ ಹೇಳಿಬಿಡ್ತೀನಿ."

ಅಧ್ಯಕ್ಷರು ಜೋರಾಗಿ ನಕ್ಕರು. ತಮ್ಮ ನಗಲಿಲ್ಲ. ಬರುವುದೇ ಇಲ್ಲವೇನೋ ಎಂದುಕೊಂಡಿದ್ದೆ. ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನಕ್ಷೆಗಳನ್ನೆಲ್ಲ ಕೊಟ್ಟ, ಕೇಳಿದ್ದಕ್ಕೆ ಉತ್ತರ ಹೇಳಿದ. ಕೇಳದೆ ಒಂದು ಮಾತೂ ಆಡಲಿಲ್ಲ.

ಮೇಡಂ ಭವನದೊಳಗೆ ಹೆಚ್ಚು ಹೊತ್ತು ಇರಲಿಲ್ಲ. ತಡೆಗೋಡೆಯನ್ನು ಉದ್ದಕ್ಕೂ ನಡೆದು ನೋಡಿದರು. ನೀರು ಹೊರಬರಲೆಂದು ಗೋಡೆಯಲ್ಲಿ ಇಟ್ಟಿದ್ದ ಪೈಪುಗಳಿಗೆ ಕಡ್ಡಿ ತೂರಿಸಿದರು. ಆಮೇಲೆ, "ಮೇಲಕ್ಕೆ ದಾರಿ ಎಲ್ಲಿ?" ಎಂದರು.

"ಮೇಲೆ ಬರೀ ತೋಟ," ಎಂದ ತಮ್ಮ.

"ತೋಟ ನೋಡೋಣ."

ಸುತ್ತು ಹಾಕಿ ಹತ್ತಿದೆವು. ನಾಲ್ಕು ಕಾಫಿ ಗಿಡ ದಾಟಿರಲಿಲ್ಲ, ಅವರು ನಿಂತರು. ಗಿಡಗಳ ನಡುವೆ ತೊಟ್ಟಿಲು ಗುಂಡಿಗಳಿದ್ದವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇಳಿಜಾರಿಗೆ ಅಡ್ಡವಾಗಿ, ತೊಟ್ಟಿಲಿನ ಆಕಾರದಲ್ಲಿ ತೋಡಿದ ಉದ್ದನೆಯ ಗುಂಡಿಗಳು. ಮಳೆನೀರು ಮಣ್ಣು ಕೊಚ್ಚಿಕೊಂಡು ಓಡದೆ ಅದರಲ್ಲಿ ನಿಂತು ನಿಧಾನ ಇಂಗುತ್ತದೆ. ನಮ್ಮ ಜಿಲ್ಲೆಯಲ್ಲಿ ಒಳ್ಳೆಯ ತೋಟದ ಗುರುತೇ ಅದು. ತಮ್ಮ ನಿವೃತ್ತನಾಗಿ ಬಂದವನು ಮೊದಲು ಮಾಡಿಸಿದ ಕೆಲಸ ಈ ಗುಂಡಿಗಳು. ನೂಲು ಹಿಡಿದ ಹಾಗೆ ಸಾಲು ಸಾಲು. ಬೇರೆ ಊರುಗಳಿಂದ ಬೆಳೆಗಾರರು ನೋಡಲು ಬರುತ್ತಿದ್ದರು. ಊಟಕ್ಕೆ ಬಂದಿದ್ದ ಗೆಳೆಯರೂ ಇಲ್ಲೇ ನಿಂತು ಹೊಗಳಿ ಹೋಗಿದ್ದರು.

"ಇದರಲ್ಲಿ ಏನಾದರೂ ಹೂಳ್ತೀರಾ?" ಎಂದು ಕೇಳಿದರು ಮೇಡಂ.

ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. "ಇಲ್ಲ ಮೇಡಂ, ಸತ್ತವರಿಗೆ ಇದಕ್ಕಿಂತ ಉದ್ದ ತೋಡ್ತೀವಿ ನಾವು."

ತಮ್ಮ ಆ ದಿನ ಮೊದಲ ಸಲ ಸ್ವಲ್ಪ ಸಡಿಲವಾದ. ಚಿಕ್ಕ ಮಗುವಿಗೆ ಹೇಳುವ ಹಾಗೆ ಎಲ್ಲ ವಿವರಿಸಿದ. "ಇಡೀ ಮಳೆಗಾಲ ಸುರಿದರೂ ನನ್ನ ತೋಟದಿಂದ ಒಂದು ಹನಿ ನೀರು ರಸ್ತೆಗೆ ಹೋಗಲ್ಲ."

"ಮತ್ತೆ ಎಲ್ಲಿಗೆ ಹೋಗುತ್ತೆ ಸರ್?"

"ಭೂಮಿಗೆ."

ಅವರು ಕೆಳಗೆ ತಿರುಗಿ ನೋಡಿದರು. ನಾವೂ ನೋಡಿದೆವು. ಕಾಫಿ ಗಿಡಗಳ ಆಚೆ, ಕಾಲ ಬುಡದಲ್ಲೇ ಎಂಬಷ್ಟು ಹತ್ತಿರದಲ್ಲಿ, ಭವನದ ಹೊಸ ಶೀಟು ಬಿಸಿಲಿಗೆ ಹೊಳೆಯುತ್ತಿತ್ತು.

"ಭೂಮಿಯಿಂದ?" ಎಂದರು ಮೇಡಂ.

ಇಂಗಿದ ನೀರು ಇಳಿದು ಬರುವುದು ನೇರ ಆ ತಡೆಗೋಡೆಯ ಬೆನ್ನಿಗೇ. ನಾನು ಹುಟ್ಟಿದ ಮನೆ ಅದೇ ತೋಟದಲ್ಲಿದೆ. ಆ ಗುಂಡಿಗಳ ಅಂಚಿನಲ್ಲೇ ನಡೆದು ಎಷ್ಟೋ ಸಲ ಭವನದ ಕೆಲಸ ನೋಡಲು ಇಳಿದಿದ್ದೇನೆ. ಅಧ್ಯಕ್ಷರ ತೋಟದಲ್ಲೂ ಇವೆ, ಸಮಿತಿಯ ಎಲ್ಲರ ತೋಟದಲ್ಲೂ ಇವೆ. ನಮ್ಮಲ್ಲಿ ಒಬ್ಬರಿಗೂ ಅವು ಕಂಡಿರಲಿಲ್ಲ. ಗುಂಡಿ ಒಳ್ಳೆಯದು, ಗೋಡೆ ಒಳ್ಳೆಯದು. ಎರಡನ್ನೂ ಒಟ್ಟಿಗೆ ನೋಡಲು ಗುಂಡಿ ಎಂದರೇನೆಂದೇ ತಿಳಿಯದವರು ಬರಬೇಕಾಯಿತು.

ಗೋಡೆಯ ಬೆನ್ನಿಗೆ ಒಂದು ಕಡೆ ಅಗೆಸಿ ನೋಡಿದರು. ಪೈಪುಗಳ ಹಿಂದೆ ಜಲ್ಲಿಕಲ್ಲು ಇರಬೇಕಾಗಿತ್ತು, ನೀರು ಅದರೊಳಗಿಂದ ಇಳಿದು ಪೈಪಿಗೆ ಬರಲು. ಇದ್ದದ್ದು ಬರೀ ಅಂಟು ಮಣ್ಣು, ದಿಣ್ಣೆಯಿಂದ ಕಡಿದದ್ದನ್ನೇ ವಾಪಸ್ ತುಂಬಿದ್ದು. ತಮ್ಮ ಬಗ್ಗಿ ಆ ಮಣ್ಣನ್ನು ಕೈಯಲ್ಲಿ ತೆಗೆದುಕೊಂಡ. ಅವನ ನಕ್ಷೆಯಲ್ಲಿ ಜಲ್ಲಿ ಇತ್ತು. ಮಣ್ಣು ತುಂಬಿದ ವಾರ ಅವನಿಗೆ ವಿಪರೀತ ಜ್ವರ. ಗಂಜಿ ಕಾಯಿಸಿ ಕುಡಿಸಿ, ಹೊರಗೆ ಕಾಲಿಡಬೇಡ ಎಂದು ಕೂರಿಸಿದ್ದವಳು ನಾನೇ. ಮೇಸ್ತ್ರಿ ಮನೆಗೆ ಬಂದು ಎಲ್ಲ ನಕ್ಷೆ ಪ್ರಕಾರ ಆಯಿತು ಸಾರ್ ಎಂದು ಹೇಳಿ ಹೋಗಿದ್ದ. ಇವನು ನಂಬಿದ್ದ. ಮೇಡಂ ಅವನ ಮುಖ ನೋಡಿ, "ಹೀಗೆ ಬಹಳ ಕಡೆ ಆಗುತ್ತೆ ಸರ್" ಎಂದು ಮೆಲ್ಲಗೆ ಹೇಳಿದರು. ಅದು ಅವನಿಗೆ ಇನ್ನೂ ಕಷ್ಟವಾಯಿತು ಎಂದು ನನಗೆ ಗೊತ್ತಾಯಿತು.

ಅವರು ಬರೆದುಕೊಟ್ಟದ್ದರಲ್ಲಿ ಸುತ್ತುಮಾತು ಇರಲಿಲ್ಲ. ಗೋಡೆಯ ಮೇಲಿನ ಸಾಲುಗಳ ಗುಂಡಿ ಮುಚ್ಚಬೇಕು. ಅಲ್ಲಿ ಅಡ್ಡ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ಒಯ್ಯಬೇಕು. ಗೋಡೆಯ ಬೆನ್ನು ಬಿಡಿಸಿ ಜಲ್ಲಿ ಹಾಕಬೇಕು. ಅದು ಈ ಮಳೆಗೆ ಮೊದಲು ಆಗದ ಕೆಲಸ. ಅಲ್ಲಿಯವರೆಗೆ ಮಳೆಯಲ್ಲಿ ಯಾರನ್ನೂ ಇಲ್ಲಿ ಮಲಗಿಸಬಾರದು. ಬಸ್ ಸ್ಟಾಪಿನ ಹೋಟೆಲಿನಲ್ಲಿ ಅಧ್ಯಕ್ಷರು ಕೊಡಿಸಿದ ಒಂದು ಲೋಟ ಕಾಫಿ ಕುಡಿದು ಹೋದರು.

ಮಾರನೆಯ ಬೆಳಿಗ್ಗೆ ತಮ್ಮ ನನ್ನ ಜಗಲಿಗೆ ಬಂದ. ಕೂರಲಿಲ್ಲ.

"ಗುಂಡಿ ಮುಚ್ಚಲ್ಲ. ಬೇಸಿಗೆಯಲ್ಲಿ ಆ ಸಾಲು ಒಣಗಿ ಹೋಗುತ್ತೆ."

"ಮಳೆ ಬಿಟ್ಟ ಮೇಲೆ ಮತ್ತೆ ತೋಡಿಸಬಹುದಲ್ಲ."

"ಒಂದು ದಿನ ಬಂದು ನೋಡಿದವರಿಗೆ ಎಲ್ಲ ಗೊತ್ತಾಗುತ್ತೆ, ಇಲ್ಲೇ ಹುಟ್ಟಿದವನಿಗೆ ಏನೂ ಗೊತ್ತಿಲ್ಲ, ಅಷ್ಟೇ ತಾನೇ ನೀನು ಹೇಳೋದು?"

"ಜಲ್ಲಿ ಇಲ್ಲದ್ದು ನಿನ್ನ ಕಣ್ಣಿಗೂ ಕಂಡಿತಲ್ಲೋ."

"ಕಂಡಿತು. ನಿನಗೆ ಸಂತೋಷ ಆಯ್ತಾ?"

ನನಗೆ ಸಂತೋಷವಾಗಿರಲಿಲ್ಲ. ಅದನ್ನು ಹೇಳುವಷ್ಟರಲ್ಲಿ ಅವನು ಹೊರಟಿದ್ದ. ಆವತ್ತಿನಿಂದ ಅವನು ಕಿತ್ತಳೆ ಸಾಲು ದಾಟಿ ಬರುವುದನ್ನು ಬಿಟ್ಟ. ನಾನು ಎಂದಿನಂತೆ ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಸ್ನಾನ ಮಾಡಿ, ತಿಂಡಿ ತಿಂದು, ಸಮಿತಿಯ ಕೆಲಸ ಮಾಡಿದೆ. ದಿನಚರಿ ಕೆಡದಂತೆ ನೋಡಿಕೊಳ್ಳುವುದು ನನಗೆ ಅಭ್ಯಾಸ. ಅದರೊಳಗೆ ಮನಸ್ಸನ್ನು ಎಲ್ಲಿಡುವುದು ಎಂಬುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಸಮಿತಿ ಸಭೆಯಲ್ಲಿ ಮಾತು ಬೆಳೆಯಿತು. ಆಮಂತ್ರಣ ಹಂಚಿಯಾಗಿತ್ತು. ಸದಸ್ಯರೊಬ್ಬರು, ಬಂದ ಇಬ್ಬರು ಇಂಜಿನಿಯರುಗಳಲ್ಲಿ ಒಬ್ಬರು ಸರಿ ಎಂದಿದ್ದಾರೆ, ಒಬ್ಬರು ಅಲ್ಲ ಎಂದಿದ್ದಾರೆ, ಅಲ್ಲಿಗೆ ಸಮಸಮ ಆಯಿತಲ್ಲ ಎಂದರು. ಇನ್ನೊಬ್ಬರು, ಸ್ವಂತ ತಮ್ಮನ ಮೇಲೆ ಹೀಗೆ ಮಾಡುವವರನ್ನು ನಾವು ಕಂಡಿಲ್ಲ ಎಂದು ನನಗೆ ಕೇಳುವಂತೆಯೇ ಪಿಸುಗುಟ್ಟಿದರು. ಅಧ್ಯಕ್ಷರು ಮಧ್ಯದ ದಾರಿ ಹಿಡಿದರು: ಉದ್ಘಾಟನೆ ಬಿಸಿಲಿರುವಾಗಲೇ ಮುಗಿಸಿಬಿಡೋಣ, ಮಳೆಯಲ್ಲಿ ಮಲಗಿಸುವ ಮಾತು ಈ ವರ್ಷ ಬೇಡ. ನಾನು ಒಪ್ಪಿದೆ. ಬಿಸಿಲಿನಲ್ಲಿ ಆ ಗೋಡೆ ಯಾರಿಗೂ ಏನೂ ಮಾಡುವಂತಿರಲಿಲ್ಲ.

ಉದ್ಘಾಟನೆಯ ದಿನ ತಮ್ಮನಿಗೆ ಶಾಲು ಹೊದಿಸಿ ಪೇಟ ತೊಡಿಸಿದರು. ಭಾಷಣಕಾರರೆಲ್ಲ ಅವನನ್ನು ಹೊಗಳಿದರು; ಹೊಗಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಕೂತಿದ್ದ. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

ಮಳೆ ಹಿಡಿಯಿತು. ಮೊದಲು ಎಂದಿನ ಮಳೆ, ಆಮೇಲೆ ಬಿಡದೆ ಸುರಿಯುವ ಮಳೆ. ತೋಡು ಮೇಲೇರುತ್ತಿದೆ ಎಂದು ಸುದ್ದಿ ಬಂದ ದಿನ, ನಡುಮಧ್ಯಾಹ್ನ, ಕೆಳಗಿನ ಮನೆಯವರು ಗಂಟುಮೂಟೆ ಹೊತ್ತು ನೇರ ಭವನದ ಅಂಗಳಕ್ಕೇ ಬಂದರು. ಶಾಲೆಗೆ ಹೋಗಬೇಕೆಂದು ಮೊದಲೇ ಹೇಳಿಸಿದ್ದೆವು. ಆದರೂ ಕಣ್ಣೆದುರು ಹೊಸ ಕಟ್ಟಡವಿದೆ, ಅವರಿಗಾಗಿಯೇ ಎಂದು ಭಾಷಣ ಮಾಡಿದ್ದೇವೆ. ನಾನು ಕೊಡೆ ಹಿಡಿದು ಬಾಗಿಲ ಮುಂದೆ ನಿಂತೆ. ಪಕ್ಕದಲ್ಲಿ ಜೀಪು ಕಾಯುತ್ತಿತ್ತು.

ಅವರಲ್ಲಿ ಒಬ್ಬಳು, ತೋಟದ ಕೂಲಿಯವರ ಲೈನುಮನೆಯಲ್ಲಿ ಹುಟ್ಟಿ ಬೆಳೆದು ಈಗ ತೋಡಿನ ಪಕ್ಕ ಸ್ವಂತ ಮನೆ ಕಟ್ಟಿಕೊಂಡಿರುವ ವಿಧವೆ, ಮಳೆಗೆ ತಲೆಯಿಂದ ಹೊದ್ದ ಪ್ಲಾಸ್ಟಿಕ್ ಗೊರಬಿನೊಳಗಿಂದ ನನ್ನನ್ನು ದಿಟ್ಟಿಸಿದಳು. ಅವಳ ಎರಡು ಹೆರಿಗೆಗೂ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು.

"ಸಿಸ್ಟರಕ್ಕ, ದೊಡ್ಡವರಿಗೆ ಪೇಟ ಕಟ್ಟೋಕಾದ್ರೆ ಗೋಡೆ ಗಟ್ಟಿ, ನಾವು ಮಲಗೋಕಾದ್ರೆ ಗೋಡೆ ಲಡ್ಡಾ?"

"ಹಾಗಲ್ಲ ಕಣೆ, ಮಳೆ ಬಂದರೆ..."

"ಮಳೆ ಬಂದ್ರೆ ತಾನೆ ನಾವು ಬರೋದು? ಬಿಸಿಲಲ್ಲಿ ಯಾಕ್ ಬರ್ತೀವಿ ಇಲ್ಲಿಗೆ, ಸೆಲ್ಫಿ ತೆಗೆಯೋಕಾ?"

ಹಿಂದಿದ್ದವರು ನಕ್ಕರು, ಸಿಟ್ಟಿನ ನಗು. "ಜೀಪು ಹತ್ತಿ," ಎಂದೆ, ವಾರ್ಡಿನಲ್ಲಿ ಹೇಳುತ್ತಿದ್ದ ದನಿಯಲ್ಲಿ. ಹತ್ತಿದರು. ಅವಳು ಕೊನೆಯವಳಾಗಿ ಹತ್ತಿ, ನನ್ನ ಕಡೆಗೆ ಬೆನ್ನು ಹಾಕಿ ಕೂತಳು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಗೋಡೆ ನಿಂತೇ ಇತ್ತು. ಹಾಲಿನ ಡೈರಿಯ ಹತ್ತಿರ, ರೇಷನ್ ಅಂಗಡಿಯ ಹತ್ತಿರ ಜನ ಕೇಳುತ್ತಿದ್ದರು, "ಏನ್ ಸಿಸ್ಟರಕ್ಕ, ಬಿತ್ತಾ?" ನಾನು ಪ್ರತಿ ಬೆಳಿಗ್ಗೆ ಹೋಗಿ ಭವನ ತೆರೆದು ಒಳಗೊಂದು ಸುತ್ತು ಹಾಕಿ ಬರುತ್ತಿದ್ದೆ. ಒಣಗಿದ ನೆಲ, ಜೋಡಿಸಿಟ್ಟ ಕುರ್ಚಿಗಳು, ಖಾಲಿ ಸಭಾಂಗಣ. ಶಾಲೆಯಲ್ಲಿ ಮಕ್ಕಳಿಗೆ ಶೀತ ಎಂದು ಕೇಳಿದಾಗ ಈ ಒಣನೆಲವೇ ಕಣ್ಣ ಮುಂದೆ ಬರುತ್ತಿತ್ತು. ಬಿದ್ದರೆ ನಾನು ಹೇಳಿದ್ದು ಸರಿ ಎಂದಾಗುತ್ತದೆ, ತಮ್ಮನ ಹೆಸರು ಹೋಗುತ್ತದೆ. ಬೀಳದಿದ್ದರೆ ನಾನು ಸುಮ್ಮನೆ ಅಷ್ಟು ಜನರನ್ನು ಗೋಳಾಡಿಸಿದೆ ಎಂದಾಗುತ್ತದೆ. ಎರಡರಲ್ಲಿ ಯಾವುದನ್ನೂ ಬೇಡಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ತಮ್ಮನೂ ದಿನಾ ಹೋಗಿ ಗೋಡೆ ನೋಡುತ್ತಿದ್ದನೆಂದು ಕೆಸರಿನಲ್ಲಿದ್ದ ಬೂಟಿನ ಗುರುತಿನಿಂದ ತಿಳಿಯುತ್ತಿತ್ತು. ನಾವಿಬ್ಬರೂ ಒಬ್ಬರಿಗೊಬ್ಬರು ಸಿಗದ ಹಾಗೆ ಹೋಗಿ ಬರುತ್ತಿದ್ದೆವು.

ಒಂದು ಬೆಳಿಗ್ಗೆ ಭವನದ ಅಡುಗೆಮನೆಯ ಹಿಂಬಾಗಿಲು ತೆರೆಯಲಿಲ್ಲ. ಚಿಲಕ ಸರಿಯಾಗಿ ಸರಿಯಿತು, ಬಾಗಿಲು ಮಾತ್ರ ಒಂದಿಂಚು ಹೋಗಿ ಏನಕ್ಕೋ ತಾಗಿ ನಿಂತಿತು. ಸಂದಿಯಿಂದ ನೋಡಿದೆ. ತಡೆಗೋಡೆಯ ಒಂದು ಭಾಗ ಹೊಟ್ಟೆಯುಬ್ಬಿ ಮುಂದಕ್ಕೆ ಬಾಗಿ ಬಾಗಿಲಿಗೆ ಅಡ್ಡ ನಿಂತಿತ್ತು. ಪೈಪುಗಳಿಂದ ಒಂದು ಹನಿಯೂ ಬರುತ್ತಿರಲಿಲ್ಲ. ಕಲ್ಲುಗಳ ನಡುವಿನ ಬಿರುಕಿನಿಂದ ಕೆಂಪು ನೀರು ಸುರಿಯುತ್ತಿತ್ತು, ಅಡುಗೆಮನೆಯ ನೆಲದ ಸಂದಿಯಲ್ಲಿ ಜಲ ಎದ್ದಿತ್ತು. ಈ ಅಡುಗೆಮನೆಯಲ್ಲಿ ಹೆಂಗಸರೂ ಮಕ್ಕಳೂ ಮಲಗುವುದೆಂದು ನಾವು ಮೊದಲು ಮಾತಾಡಿಕೊಂಡಿದ್ದೆವು, ಒಲೆಯ ಬಿಸಿಗೆ ಬೆಚ್ಚಗಿರುತ್ತದೆಂದು.

ತಮ್ಮನಿಗೆ ನಾನೇ ಫೋನು ಮಾಡಿದೆ. ಬಂದ. ಬಾಗಿಲನ್ನು ಒಂದು ಸಲ ದೂಡಿ ನೋಡಿದ. ಹೊರಗೆ ಹೋಗಿ, ದೂರದಿಂದ, ಗೋಡೆಯ ಉಬ್ಬು ನೋಡಿದ. ಅಲ್ಲಿಂದಲೇ ಮೇಲೆ ತೋಟಕ್ಕೆ ಹತ್ತಿದ. ಸ್ವಲ್ಪ ಹೊತ್ತಿಗೆ ತೋಟದ ಆಳುಗಳನ್ನು ಕರೆಯುವ ಅವನ ಕೂಗು ಮಳೆಯಲ್ಲಿ ಕೇಳಿತು. ನಾನು ಹೋಗುವಷ್ಟರಲ್ಲಿ ತುಂಬಿ ನಿಂತಿದ್ದ ಗುಂಡಿಗಳ ಅಂಚು ಕಡಿದು ನೀರನ್ನು ಪಕ್ಕದ ಓಣಿಗೆ ಬಿಡುತ್ತಿದ್ದರು. ಮುಂದಿನ ಸಾಲಿನಲ್ಲಿ ಗುದ್ದಲಿ ಹಿಡಿದಿದ್ದವನು ಅವನೇ. ನೀರು ಇಳಿದ ಗುಂಡಿಗೆ ತಾನೇ ಮಣ್ಣು ಎಳೆದು ಕಾಲಿನಿಂದ ತುಳಿಯುತ್ತಿದ್ದ. ನಾನು ಕೊಡೆ ಹಿಡಿಯಲು ಹೋದೆ. "ನೀನು ಕೆಳಗೆ ನಿಲ್ಲಬೇಡ, ಆ ಕಡೆ ಹೋಗು," ಎಂದ. ಎಷ್ಟೋ ವಾರಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಗೋಡೆ ಬೀಳಲಿಲ್ಲ. ಬಾಗಿದ್ದು ಬಾಗಿದ ಹಾಗೇ ನಿಂತಿತು. ಆದ್ದರಿಂದ ಊರಲ್ಲಿ ವಾದ ಮುಗಿಯಲಿಲ್ಲ. ಹೆಬ್ಬಲಸಿನ ಬಾಗಿಲು, ಮಳೆಗೆ ಉಬ್ಬಿಕೊಂಡದ್ದು, ಅದಕ್ಕೆ ಇಷ್ಟು ಗಲಾಟೆ ಎಂದವರಿದ್ದರು. ಆ ಮೇಡಂ ಬಂದು ಅಗೆಸಿದ್ದರಿಂದಲೇ ಗೋಡೆ ಸಡಿಲವಾಯಿತು ಎಂದವರೂ ಇದ್ದರು. ಗುಂಡಿ ಒಡೆಯದಿದ್ದರೆ ಏನಾಗುತ್ತಿತ್ತು, ಜನ ಮಲಗಿದ್ದರೆ ಏನಾಗುತ್ತಿತ್ತು ಎಂದು ತೋರಿಸಲು ನನ್ನ ಬಳಿ ಏನೂ ಇಲ್ಲ. ಹೊರಗಿನವರ ಕಣ್ಣಿನಿಂದ ನೋಡಿಸಿದ್ದರ ಲಾಭವೆಲ್ಲ ಆಗದೇ ಹೋದದ್ದರಲ್ಲಿದೆ. ಆಗದೇ ಹೋದದ್ದನ್ನು ಯಾರ ಮುಂದೆಯೂ ಇಟ್ಟು ತೋರಿಸಲು ಬರುವುದಿಲ್ಲ. ತಮ್ಮನಿಗೆ ಆದ ನಷ್ಟ ಮಾತ್ರ ಎಲ್ಲರಿಗೂ ಕಾಣುವಂತಿತ್ತು. ಮನೆ ಕಟ್ಟುವವರು ಮೊದಲು ಅವನ ಜಗಲಿಗೆ ಬಂದು ನಕ್ಷೆ ಹರಡುತ್ತಿದ್ದರು. ಈಗ ಅಷ್ಟು ಬರುವುದಿಲ್ಲ. ಬಂದವರು, "ಇನ್ಯಾರಿಗಾದರೂ ತೋರಿಸಬೇಕಾ ಸಾರ್?" ಎಂದು ಕೇಳುತ್ತಾರಂತೆ. ಕೇಳಬೇಕಾದ ಪ್ರಶ್ನೆಯೇ. ಅವನಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದೂ ನನಗೆ ಗೊತ್ತು.

ಮಳೆ ಕಡಿಮೆಯಾಗಿ ಶಾಲೆಯಿಂದ ಜನ ವಾಪಸಾದರು. ಆ ವಿಧವೆ ಮನೆ ಸೇರುವ ಮೊದಲು ದಾರಿಯಲ್ಲೇ ಭವನದ ಹತ್ತಿರ ನಿಂತಳು. ನಾನು ಅಡುಗೆಮನೆಯ ಕೆಸರು ಬಳಿಯುತ್ತಿದ್ದೆ. ತಮ್ಮ ಹೊರಗೆ, ಗೋಡೆ ಇನ್ನೂ ಸರಿಯುತ್ತಿದೆಯೇ ಎಂದು ತಿಳಿಯಲು ಬಿರುಕಿಗೆ ಅಡ್ಡವಾಗಿ ಗಾಜಿನ ಚೂರು ಅಂಟಿಸುತ್ತಿದ್ದ, ಸರಿದರೆ ಗಾಜು ಒಡೆಯಲೆಂದು; ಮೇಡಂಗೆ ಫೋನು ಮಾಡಿ ಕೇಳಿಕೊಂಡು ಮಾಡುತ್ತಿದ್ದಾನೆಂದು ನನಗೆ ತಿಳಿದದ್ದು ಆಮೇಲೆ. ಅವಳು ಗಂಟು ಇಳಿಸಿ ಗೋಡೆಯನ್ನು ಬಹಳ ಹೊತ್ತು ನೋಡಿದಳು. ನನ್ನ ಮೇಲಿನ ಸಿಟ್ಟು ಹೋದಂತೆ ಕಾಣಲಿಲ್ಲ. ಒಳ್ಳೆಯದಾಯಿತು ಎಂದೂ ಹೇಳಲಿಲ್ಲ.

"ಹಂಗಾದ್ರೆ ಬರೋ ವರ್ಷ ನಾವು ಎಲ್ಲಿ ಮಲಗೋದು?" ಎಂದು ಕೇಳಿದಳು.

ನಾನು ಪೊರಕೆ ಹಿಡಿದುಕೊಂಡು ನಿಂತೆ. ಶಾಲೆಯಲ್ಲೇ ಎಂದು ಹೇಳಬೇಕಾಗಿತ್ತು. ತಮ್ಮ ಕೈಯ ಅಂಟನ್ನು ಪಂಚೆಗೆ ಒರೆಸಿಕೊಂಡು ಅವಳ ಕಡೆ ತಿರುಗಿದ. ನಕ್ಷೆ ಬರೆದ ದಿನದಿಂದ ಇಂಥ ಪ್ರಶ್ನೆಗೆ ಅವನ ಬಳಿ ತಡವಿಲ್ಲದೆ ಉತ್ತರ ಇರುತ್ತಿತ್ತು.

"ನನಗೆ ಗೊತ್ತಿಲ್ಲಮ್ಮ," ಎಂದ. "ಇದು ಉಳಿಯುತ್ತಾ, ಒಡೀಬೇಕಾ, ಅದೂ ಗೊತ್ತಿಲ್ಲ. ನಾನು ಹೇಳಿದರೆ ನೀನು ನಂಬಬೇಡ. ನೋಡಿಸಿ ಹೇಳ್ತೀವಿ."

"ಯಾವಾಗ?"

"ಮುಂದಿನ ಮಳೆಗೆ ಮೊದಲು."

ಅವಳು ಗಂಟು ತಲೆಗೇರಿಸಿಕೊಂಡಳು. "ಮೊದಲೂ ಹಂಗೇ ಅಂದಿದ್ರಿ," ಎಂದು ಕೆಳಗಿನ ರಸ್ತೆ ಹಿಡಿದಳು. ಅವಳ ಹಸು ಆಗಲೇ ದನಿ ಗುರುತಿಸಿ ಕೊಟ್ಟಿಗೆಯಿಂದ ಕೂಗುತ್ತಿತ್ತು.